ರಸ್ತೆಯ ಗುಂಡಿಗೂ ಒಂದು ಅರ್ಜಿ ಬರೆಯಿರಿ

ಮನೆಯ ಅಂಗಳವನ್ನು ದಿನಕ್ಕೆರಡು ಬಾರಿ ಗುಡಿಸುವ ನಾವು ಗೇಟಿನಾಚೆಯ ರಸ್ತೆಯನ್ನು ಮಾತ್ರ ಯಾರದೋ ಎಂದು ಭಾವಿಸುತ್ತೇವೆ. ಆದರೆ ನಮ್ಮ ಮಕ್ಕಳು ಮದ್ರಸಕ್ಕೆ, ಶಾಲೆಗೆ ಹೋಗುವುದು ಅದೇ ರಸ್ತೆಯಲ್ಲಿ. ಮನೆಯ ಹಿರಿಯರು ಫಜ್ರ್ ನಮಾಝ್‌ಗೆ ಕತ್ತಲಲ್ಲಿ ನಡೆಯುವುದೂ ಅಲ್ಲಿಯೇ. ಮಳೆಗಾಲದಲ್ಲಿ ರಸ್ತೆಯೂ ಚರಂಡಿಯೂ ಒಂದಾಗಿ ಹರಿಯುವಾಗ ಮುರಿದ ಚಪ್ಪಡಿ ಎಲ್ಲಿದೆಯೆಂದು ಏಳು ವರ್ಷದ ಮಗುವಿಗೆ ಹೇಗೆ ತಿಳಿಯಬೇಕು?

ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. ಮುಳ್ಳನ್ನೋ ಕಲ್ಲನ್ನೋ ಕೈಯಿಂದ ತೆಗೆಯಬಹುದು. ಕುಸಿದ ಮೋರಿಯನ್ನು, ಉರಿಯದ ಬೀದಿದೀಪವನ್ನು ಸರಿಪಡಿಸಲು ಅಧಿಕಾರವಿರುವವರಿಗೆ ತಿಳಿಸಬೇಕು. ಅದೂ ಇದೇ ಕರ್ತವ್ಯದ ಭಾಗವಲ್ಲವೇ?

'ಗಂಡಸರು ನೋಡಿಕೊಳ್ಳುತ್ತಾರೆ' ಎಂದು ಸುಮ್ಮನಿರಬೇಡಿ. ಬೆಳಗ್ಗೆ ಬೈಕಿನಲ್ಲಿ ಹೋಗಿ ರಾತ್ರಿ ಬರುವವರಿಗಿಂತ ಬೀದಿಯ ಸ್ಥಿತಿ ನಿಮಗೇ ಚೆನ್ನಾಗಿ ಗೊತ್ತು.

ಮೊದಲು ಯಾರಿಗೆ ದೂರು ಕೊಡಬೇಕೆಂದು ತಿಳಿಯಿರಿ. ಊರೊಳಗಿನ ರಸ್ತೆ, ಚರಂಡಿ, ಬೀದಿದೀಪ ಸ್ಥಳೀಯ ಸಂಸ್ಥೆಯ ಹೊಣೆ. ಗ್ರಾಮ ಪಂಚಾಯತ್‌ನಲ್ಲಿ ಪಿಡಿಒ, ಪುರಸಭೆಯಲ್ಲಿ ಮುಖ್ಯಾಧಿಕಾರಿ, ನಗರಸಭೆಯಲ್ಲಿ ಪೌರಾಯುಕ್ತರು, ಮಹಾನಗರ ಪಾಲಿಕೆಯಲ್ಲಿ ಆಯುಕ್ತರ ಹೆಸರಿಗೆ ಅರ್ಜಿ ಬರೆಯಿರಿ. ಒಂದು ಪ್ರತಿಯನ್ನು ನಿಮ್ಮ ವಾರ್ಡಿನ ಸದಸ್ಯರಿಗೂ ಕೊಡಿ. ವಾಲಿದ ವಿದ್ಯುತ್ ಕಂಬ, ಜೋತುಬಿದ್ದ ತಂತಿಯಾದರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯ ತೊಂದರೆಗೆ 1033 ಇದೆ.

ಅರ್ಜಿಯಲ್ಲಿ 'ನಮ್ಮ ರಸ್ತೆ ಸರಿಯಿಲ್ಲ' ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ವಾರ್ಡು, ಯಾವ ಅಡ್ಡರಸ್ತೆ, ಯಾವ ಮನೆ ಅಥವಾ ಅಂಗಡಿಯ ಎದುರು, ಹತ್ತಿರದ ಕಂಬದ ಸಂಖ್ಯೆ ಏನು, ಎಷ್ಟು ದಿನಗಳಿಂದ ಹೀಗಿದೆ, ಯಾರಿಗೆ ಅಪಾಯ ಎಂಬುದನ್ನು ಬರೆಯಿರಿ. ಒಂದು ಫೋಟೋ ಲಗತ್ತಿಸಿ. ನೆರೆಮನೆಯವರು ಯಾವ ಧರ್ಮದವರೇ ಆಗಿರಲಿ, ಅವರ ಸಹಿಯನ್ನೂ ಪಡೆಯಿರಿ. ಗುಂಡಿ ಜಾತಿ ಕೇಳಿ ಬೀಳಿಸುವುದಿಲ್ಲ.

ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಜೋಪಾನವಾಗಿಡಿ. ಬಾಯಿಮಾತಿನ ದೂರು ಮರೆತುಹೋಗುತ್ತದೆ. ಮೊಹರಿದ್ದ ಕಾಗದಕ್ಕೆ ಉತ್ತರ ಕೇಳಬಹುದು. ಹದಿನೈದು ದಿನಗಳಲ್ಲಿ ಕೆಲಸವಾಗದಿದ್ದರೆ ಮತ್ತೊಮ್ಮೆ ಹೋಗಿ ವಿಚಾರಿಸಿ.

ಆಗಲೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕದೊಂದಿಗೆ 'ನಮ್ಮ ಅರ್ಜಿಯ ಮೇಲೆ ಏನು ಕ್ರಮ ಕೈಗೊಳ್ಳಲಾಗಿದೆ?' ಎಂದು ಕೇಳಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಅವರು ಉತ್ತರಿಸಲೇಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯವನ್ನು 150 ಪದಗಳೊಳಗೆ ಬರೆಯಬೇಕೆಂಬುದು ನೆನಪಿರಲಿ.

ಕೇಳಲು ಸಂಕೋಚವೇಕೆ? ಆ ಕಚೇರಿಗೆ ನಾವು ಮನೆ ತೆರಿಗೆ ಕಟ್ಟುತ್ತೇವೆ. ಕೋಪದ ಮಾತು ಬೇಡ, ಅಂಗಲಾಚುವುದೂ ಬೇಡ. ಸೌಮ್ಯವಾಗಿ, ಆದರೆ ಬಿಡದೆ ಕೇಳಿ.

ಯಾರಾದರೂ ಬಿದ್ದು ಕೈಕಾಲು ಮುರಿದ ಮೇಲೆ ಇಡೀ ಬೀದಿ ಸೇರಿ ಮರುಗುತ್ತದೆ. ಅದಕ್ಕೆ ಮೊದಲೇ ನಾಲ್ಕು ಮನೆಯವರು ಸೇರಿ ಒಂದು ಸಹಿ ಹಾಕಿದರೆ ಒಬ್ಬ ತಾಯಿಯ ಕಣ್ಣೀರು ತಪ್ಪೀತು. ಇಂದು ಸಂಜೆ ಮಗುವನ್ನು ಕರೆತರುವಾಗ ದಾರಿಯನ್ನೊಮ್ಮೆ ಗಮನಿಸಿ ನೋಡಿ. ಅರ್ಜಿಯ ಮೊದಲ ಸಾಲು ಅಲ್ಲೇ ಸಿಗುತ್ತದೆ.