ಪೀಪಾಯಿಗೊಂದು ಅಳತೆಯ ಗೆರೆ

ನಮ್ಮ ಕುಂಬಳೆ ಸೀಮೆಯ ತೋಟಗಳಲ್ಲಿ ಇಂದು ಹಟ್ಟಿಯ ಪಕ್ಕದಲ್ಲಿ ಒಂದೆರಡು ಪ್ಲಾಸ್ಟಿಕ್ ಪೀಪಾಯಿಗಳಿಲ್ಲದ ಮನೆ ಅಪರೂಪ. ಒಂದರಲ್ಲಿ ಜೀವಾಮೃತ, ಇನ್ನೊಂದರಲ್ಲಿ ಕಡಲೆಹಿಂಡಿ ಬೇವಿನಹಿಂಡಿಗಳನ್ನು ಕೊಳೆಸಿದ ನೀರು. ಏನು ಹಾಕಬೇಕು, ಎಷ್ಟು ದಿನ ಇಡಬೇಕು ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ‘ನಿಮ್ಮ ಪೀಪಾಯಿಯಲ್ಲಿ ಈಗ ಎಷ್ಟು ಲೀಟರು ಇದೆ?’ ಎಂದು ಕೇಳಿದರೆ, ‘ಅರ್ಧಕ್ಕಿಂತ ಸ್ವಲ್ಪ ಮೇಲೆ’ ಎಂಬ ಉತ್ತರವೇ ಹೆಚ್ಚಾಗಿ ಬರುವುದು. ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ನಾವೂ ಕೆಲವು ವರ್ಷಗಳ ಹಿಂದಿನವರೆಗೆ ಅದೇ ಉತ್ತರವನ್ನು ಕೊಡುತ್ತಿದ್ದೆವು. ಆ ಉತ್ತರಕ್ಕೆ ನಾವು ತೆತ್ತ ಬೆಲೆಯನ್ನು ಹೇಳಿದರೆ ಓದುಗರಿಗೆ ಉಪಕಾರವಾದೀತೆಂದು ಈ ಲೇಖನ.

ನಮ್ಮ ತಂದೆಯವರು ನೆಟ್ಟ ಒಂದು ಅಡಿಕೆ ಮರವಿತ್ತು. ಗೊನೆ ದೊಡ್ಡದು, ಗೆಣ್ಣು ಗಿಡ್ಡ, ಒಂದು ವರ್ಷವೂ ಸೋತುದಿಲ್ಲ. ಅದು ಮಳೆಗಾಲದ ಗಾಳಿಗೆ ಮುರಿದು ಬೀಳುವ ಮೊದಲಿನ ಕೊಯ್ಲಿನ ಬಿತ್ತಿನ ಅಡಿಕೆಯಿಂದ 90 ಸಸಿಗಳನ್ನು ತೊಟ್ಟೆಗಳಲ್ಲಿ ಎಬ್ಬಿಸಿದ್ದೆವು. ಮಾರ್ಚ್ ತಿಂಗಳು, ನಮಗೆ ಪರೀಕ್ಷೆಯ ಕೆಲಸ. ತೋಟಕ್ಕೆ ಬರುವ ಹುಡುಗನಿಗೆ, ‘ಹಿಂಡಿಯ ನೀರು ಒಂದು ಬಾಲ್ದಿ ಹಾಕಿ, ಟಬ್ಬಿನಲ್ಲಿ ಅರ್ಧದವರೆಗೆ ನೀರು ತುಂಬಿಸಿ, ಸಸಿಗಳಿಗೆ ಕೊಡು’ ಎಂದು ಹೇಳಿ ಹೊರಟೆವು. ಮೂರನೆಯ ದಿನ ಎಲೆಗಳ ತುದಿ ಕಂದಿತು. ವಾರದಲ್ಲಿ ಸಸಿಗಳು ಒಣಗತೊಡಗಿದವು. ಕೊನೆಗೆ ಉಳಿದವು 38.

ಹುಡುಗನನ್ನು ಕೇಳಿದೆವು. ‘ಮಾಷ್ಟ್ರೇ, ನೀವು ಹೇಳಿದ ಹಾಗೆಯೇ ಮಾಡಿದ್ದೇನೆ, ಒಂದೇ ಬಾಲ್ದಿ ಹಾಕಿದ್ದು’ ಎಂದ. ಅವನು ಹೇಳಿದ್ದು ನಿಜ. ನಮ್ಮ ಮನಸ್ಸಿನಲ್ಲಿದ್ದುದು 5 ಲೀಟರಿನ ಸಣ್ಣ ಬಾಲ್ದಿ. ಅವನ ಕೈಗೆ ಸಿಕ್ಕಿದ್ದು 15 ಲೀಟರಿನದು. ಟಬ್ಬು 100 ಲೀಟರಿನದು, ಆದುದರಿಂದ ಅರ್ಧವೆಂದರೆ 50 ಎಂದು ನಾವು ತಿಳಿದಿದ್ದೆವು. ಆ ಸಂಜೆ ಅಳೆದು ನೋಡಿದಾಗ ಅರ್ಧ ಎತ್ತರಕ್ಕೆ ಹಿಡಿದುದು 40 ಲೀಟರು ಮಾತ್ರ! ಐವತ್ತರಲ್ಲಿ ಐದು ಇರಬೇಕಾದ ಹಿಂಡಿಯ ನೀರು ನಲ್ವತ್ತರಲ್ಲಿ ಹದಿನೈದಾಗಿತ್ತು. ಎಂದರೆ ಬೇಕಾದುದಕ್ಕಿಂತ ಹೆಚ್ಚುಕಡಿಮೆ ನಾಲ್ಕರಷ್ಟು ಖಾರ. ತಪ್ಪು ಹುಡುಗನದಲ್ಲ, ನಮ್ಮದು. ಬಾಲ್ದಿ, ಅರ್ಧ ಎಂಬ ಎರಡು ಶಬ್ದಗಳನ್ನು ಅಳತೆಯೆಂದು ನಂಬಿದ್ದೆವು. ಮುರಿದ ಮರದಿಂದ ಮತ್ತೆ ಬಿತ್ತು ತೆಗೆಯುವಂತಿಲ್ಲ. ಅಡಿಕೆ ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷ ಬೇಕೆಂಬುದು ಎಲ್ಲರಿಗೂ ತಿಳಿದುದೇ.

ಅರ್ಧ ಎತ್ತರ ಅರ್ಧ ಅಳತೆಯಲ್ಲ

ಟಬ್ಬಿನ ತಳದ ಅಗಲ 40 ಸೆಂಟಿಮೀಟರು, ಬಾಯಿಯ ಅಗಲ 60, ಎತ್ತರ 50. ಮೇಲೆ ಹೋದಂತೆ ಅಗಲವಾಗುವ ಪಾತ್ರೆಯಲ್ಲಿ ಕೆಳಗಿನ ಅರ್ಧ ಕಡಿಮೆ ಹಿಡಿಯುತ್ತದೆ, ಮೇಲಿನ ಅರ್ಧ ಹೆಚ್ಚು ಹಿಡಿಯುತ್ತದೆ. ಬಾಲ್ದಿಗೂ ಇದೇ ನ್ಯಾಯ. ನೆಟ್ಟಗಿರುವ ಪೀಪಾಯಿಯಾದರೆ ಲೆಕ್ಕ ಸುಲಭ. ನಮ್ಮ ಪೀಪಾಯಿಯ ಒಳವ್ಯಾಸ 56 ಸೆಂಟಿಮೀಟರು. ಎಂಟನೆಯ ತರಗತಿಯ ಮಕ್ಕಳು ಲೆಕ್ಕ ಮಾಡಿ, ಒಂದು ಸೆಂಟಿಮೀಟರು ಎತ್ತರಕ್ಕೆ ಸುಮಾರು 2.46 ಲೀಟರು, 10 ಲೀಟರಿಗೆ 4.06 ಸೆಂಟಿಮೀಟರು ಎಂದು ಹೇಳಿದರು. ಚೌಕದ ಸಿಮೆಂಟು ತೊಟ್ಟಿ ಇರುವವರಿಗೆ ಇನ್ನೂ ಸುಲಭ: ಒಳಗೆ ಒಂದು ಮೀಟರು ಉದ್ದ, ಒಂದು ಮೀಟರು ಅಗಲವಿದ್ದರೆ ಪ್ರತಿ ಸೆಂಟಿಮೀಟರು ಎತ್ತರಕ್ಕೆ ಸರಿಯಾಗಿ 10 ಲೀಟರು.

ಆದರೂ ಲೆಕ್ಕವನ್ನೇ ನಂಬಿ ಗೆರೆ ಹಾಕಬಾರದು. ಪೀಪಾಯಿಯ ತಳದ ಅಂಚು ಉರುಟಾಗಿರುವುದರಿಂದ ಮೊದಲಿನ 10 ಲೀಟರು ಲೆಕ್ಕಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ನೀರು ಸುರಿದು ಅಳೆಯುವುದೇ ಸರಿಯಾದ ದಾರಿ. ಲೆಕ್ಕವು ಪರೀಕ್ಷೆಗಾಗಿ ಇರಲಿ.

ಅಳೆಯುವ ಬಗೆ

ಅಡಿಕೆ ತೂಗುವ ತಕ್ಕಡಿ ಎಲ್ಲರ ಮನೆಯಲ್ಲಿಯೂ ಉಂಟು. ಒಂದು ಲೀಟರು ನೀರಿನ ತೂಕ ಒಂದು ಕಿಲೋ. ನಮ್ಮ ಊರಿನ ಸೆಕೆಗೆ ಬರುವ ವ್ಯತ್ಯಾಸ 10 ಲೀಟರಿಗೆ ಅರ್ಧ ಕುಡ್ತೆಯೂ ಅಲ್ಲ. ಬಾಲ್ದಿಯನ್ನು ಮೊದಲು ಖಾಲಿ ತೂಗಿ, ಅದಕ್ಕಿಂತ 10 ಕಿಲೋ ಹೆಚ್ಚು ಬರುವಷ್ಟು ನೀರು ಹಾಕಿ, ನೀರು ನಿಂತಲ್ಲಿಗೆ ಗುರುತು ಮಾಡಬೇಕು. ಇದೇ ಇನ್ನು ಮುಂದೆ ಮನೆಯ ಅಳತೆಯ ಬಾಲ್ದಿ.

ಪೀಪಾಯಿಯನ್ನು ಅದು ಕಾಯಂ ಇರಬೇಕಾದ ಜಾಗದಲ್ಲಿ, ನೆರಳಿನಲ್ಲಿ, ಸಮತಟ್ಟಾದ ಕಲ್ಲಿನ ಮೇಲೆ ಇಡಬೇಕು. ಒಂದೊಂದೇ ಬಾಲ್ದಿ ಸುರಿದು, ನೀರು ಅಲುಗಾಡುವುದು ನಿಂತ ಮೇಲೆ ಗುರುತು ಹಾಕುತ್ತ ಹೋಗಬೇಕು. ನೀರಿನ ಮಟ್ಟಕ್ಕೆ ಕಣ್ಣನ್ನು ತಗ್ಗಿಸಿ ನೋಡಬೇಕೇ ಹೊರತು ಮೇಲಿನಿಂದ ಬಗ್ಗಿ ನೋಡಬಾರದು. ಎಲ್ಲವೂ ಮುಗಿದ ಮೇಲೆ 100 ಲೀಟರಿನ ಗುರುತನ್ನು ಲೆಕ್ಕದೊಡನೆ ಹೋಲಿಸಿ ನೋಡಿ. ನಮ್ಮದರಲ್ಲಿ ಲೆಕ್ಕ 40.6 ಸೆಂಟಿಮೀಟರು ಎಂದಿತು. ಗುರುತು 41ರ ಮೇಲೆ ಇತ್ತು. ಇಷ್ಟು ವ್ಯತ್ಯಾಸ ತಳದ ಉರುಟಿನಿಂದ ಬರುವಂಥದು. ಇದಕ್ಕಿಂತ ಬಹಳ ಹೆಚ್ಚಾದರೆ ಒಂದು ಬಾಲ್ದಿಯ ಎಣಿಕೆ ತಪ್ಪಿದೆಯೆಂದು ತಿಳಿದು ಮೊದಲಿನಿಂದ ಮಾಡಬೇಕು.

ಅಳಿಯದ ಗುರುತು

ಪೆನ್ನಿನ ಶಾಯಿ ಒಂದು ಮಳೆಗಾಲಕ್ಕೆ ಹೋಗುತ್ತದೆ. ಬೆಳಕು ಹಾಯುವ ಬಿಳಿಯ ಪೀಪಾಯಿಯಾದರೆ ಹೊರಗಡೆ ಬಿಸಿ ಮೊಳೆಯಿಂದ ತೆಳ್ಳಗೆ ಗೀರಿ, ಆ ಗೀರಿನಲ್ಲಿ ಎನಾಮಲ್ ಬಣ್ಣ ತುಂಬಿದರೆ ಬಹುಕಾಲ ಉಳಿಯುತ್ತದೆ. ಆಳವಾಗಿ ಒತ್ತಿದರೆ ತೂತಾದೀತು. ಮೊದಲು ಅಂಚಿನಲ್ಲಿ ಪರೀಕ್ಷಿಸಿ, ಗಾಳಿಯಾಡುವಲ್ಲಿ ಮಾಡಿರಿ. ಒಳಗಡೆ ಮಾತ್ರ ಗೀರಲೇಬಾರದು. ಗೀರಿನಲ್ಲಿ ಹಳೆಯ ಗಸಿ ಕೂತು ಕೊಳೆಯುತ್ತದೆ, ತೊಳೆದರೂ ಹೋಗದು. ಉಪ್ಪಿನಕಾಯಿಯ ಭರಣಿಗೂ ಇದೇ ಮಾತು: ಹೊರಗೆ ಬಣ್ಣದ ಗೆರೆ ಸಾಕು, ಹೊಳಪಿನ ಮೈಯನ್ನು ಕೆರೆಯಬಾರದು.

ಸ್ಟೀಲಿನ ಪಾತ್ರೆಗೆ ಶಾಲೆಯ ವಿಜ್ಞಾನದ ಕೋಣೆಯ ಉಪಾಯವೊಂದುಂಟು. ವಿನೆಗರಿನಲ್ಲಿ ಉಪ್ಪು ಕರಗಿಸಿ, ಅದರಲ್ಲಿ ಹತ್ತಿ ನೆನೆಸಿ, 9 ವೋಲ್ಟಿನ ಬ್ಯಾಟರಿಯ ಋಣ ತುದಿಯ ತಂತಿಗೆ ಆ ಹತ್ತಿಯನ್ನು ಸುತ್ತಬೇಕು. ಧನ ತುದಿಯ ತಂತಿ ಪಾತ್ರೆಗೆ. ಗೆರೆಯ ಜಾಗವನ್ನು ಬಿಟ್ಟು ಸುತ್ತಲೂ ಅಂಟುಪಟ್ಟಿ ಹಚ್ಚಿ, ಹತ್ತಿಯನ್ನು ಅಲ್ಲಿ ಸ್ವಲ್ಪ ಹೊತ್ತು ಒತ್ತಿದರೆ ಉಕ್ಕಿನಲ್ಲಿಯೇ ಮಾಸದ ಗೆರೆ ಮೂಡುತ್ತದೆ. ಕೈಗೆ ಗವಸು ಇರಲಿ. ಆಮೇಲೆ ಚೆನ್ನಾಗಿ ತೊಳೆಯಬೇಕು.

ನೀಲಿ, ಕಪ್ಪು ಪೀಪಾಯಿಗಳ ಹೊರಗೆ ಗೆರೆ ಹಾಕಿ ಪ್ರಯೋಜನವಿಲ್ಲ, ಒಳಗಿನ ಮಟ್ಟ ಕಾಣದು. ಇವಕ್ಕೆ ಅಳತೆಕೋಲೇ ಉತ್ತಮ. ಅಡಿಕೆ ಮರದ ಒಂದು ನೇರವಾದ ಸಲಾಕೆ ಸಾಕು. ಪ್ರತಿ ಬಾಲ್ದಿ ಸುರಿದ ಮೇಲೆ ಕೋಲನ್ನು ಪೀಪಾಯಿಯ ನಡುಮಧ್ಯೆ ನೆಟ್ಟಗೆ ಇಳಿಸಿ, ಒದ್ದೆಯಾದಲ್ಲಿಗೆ ಕತ್ತಿಯಿಂದ ಕಚ್ಚು ಹಾಕಬೇಕು. 50, 100, 150ಕ್ಕೆ ದೊಡ್ಡ ಕಚ್ಚು. ನಡುಮಧ್ಯೆ ಏಕೆಂದರೆ, ಪೀಪಾಯಿ ಸ್ವಲ್ಪ ವಾಲಿದ್ದರೂ ಅಲ್ಲಿ ಮಟ್ಟ ಬದಲಾಗದು. ನಮ್ಮ ಪೀಪಾಯಿ ಒಂದು ಬದಿಗೆ 2 ಸೆಂಟಿಮೀಟರು ವಾಲಿದರೆ ಅಂಚಿನಲ್ಲಿ ಒಂದು ಸೆಂಟಿಮೀಟರು, ಎಂದರೆ ಎರಡೂವರೆ ಲೀಟರು ತಪ್ಪು ತೋರುತ್ತದೆ. ಕೋಲಿನ ಮೇಲ್ತುದಿಗೆ ತೂತು ಕೊರೆದು ಹಗ್ಗ ಕಟ್ಟಿದರೆ ತಲೆಕೆಳಗಾಗಿ ಹಿಡಿಯುವ ಭಯವಿಲ್ಲ. ಒಂದು ಪೀಪಾಯಿಯ ಕೋಲು ಇನ್ನೊಂದಕ್ಕೆ ಸಲ್ಲದು. ಎರಡಕ್ಕೂ ಒಂದೇ ಬಣ್ಣ ಬಳಿದು ಜೋಡಿ ಮಾಡಿಡಿ.

ಜೀವಾಮೃತಕ್ಕೆ ಎರಡು ಗೆರೆ

ಒಂದು ಎಕರೆಗೆ ಹೇಳುವ ಲೆಕ್ಕ: 200 ಲೀಟರು ನೀರು, 10 ಕಿಲೋ ಸೆಗಣಿ, 5ರಿಂದ 10 ಲೀಟರು ಗೋಮೂತ್ರ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. 200 ಲೀಟರಿನ ಪೀಪಾಯಿಯಲ್ಲಿ 200 ಲೀಟರು ನೀರು ಹಾಕಿದರೆ ಉಳಿದುದಕ್ಕೆ ಜಾಗವೆಲ್ಲಿ? ನೊರೆಯೇರಿ ಬೆಲ್ಲದ ಪಾಕ ನೆಲದ ಪಾಲಾಗುತ್ತದೆ. ನಾವು ಎಲ್ಲವನ್ನೂ ಐದರಲ್ಲಿ ನಾಲ್ಕು ಪಾಲು ಮಾಡಿದ್ದೇವೆ: ನೀರು 160 ಲೀಟರು, ಸೆಗಣಿ 8 ಕಿಲೋ, ಗೋಮೂತ್ರ 8 ಲೀಟರು, ಬೆಲ್ಲ ಹಿಟ್ಟು 1.6 ಕಿಲೋದಂತೆ. ಇದು 80 ಸೆಂಟ್ಸ್ ಜಾಗಕ್ಕಾಯಿತು. 160ಕ್ಕೆ ನೀರಿನ ಕಚ್ಚು, ಎಲ್ಲ ಸೇರಿದ ಮೇಲೆ 180ರ ಸಮೀಪ ಇನ್ನೊಂದು ಕಚ್ಚು. ಎರಡನೆಯ ಕಚ್ಚಿಗೆ ಮಟ್ಟ ಬಾರದಿದ್ದರೆ ಏನೋ ಹಾಕಲು ಮರೆತಿದ್ದೇವೆಂದೇ ಅರ್ಥ. ಬಾಯಿಗೆ ಗೋಣಿ ಮುಚ್ಚಿ, ದಿನಕ್ಕೆರಡು ಸಲ ಮರದ ಕೋಲಿನಿಂದ ತಿರುಗಿಸಿ, ಎರಡು ದಿನ ಕಳೆದ ಮೇಲೆ ಉಪಯೋಗಿಸಲಾರಂಭಿಸಿ ವಾರದೊಳಗೆ ಮುಗಿಸಬೇಕು. ಮುಚ್ಚಳವನ್ನು ಬಿಗಿದು ಮುಚ್ಚಬಾರದು, ಒಳಗೆ ಅನಿಲ ತುಂಬುತ್ತದೆ.

ಮಹಾಳಿಗೆ ಬೋರ್ಡೋ ಪಾಕ ಮಾಡುವ ಪೀಪಾಯಿ ಬೇರೆಯೇ ಇರಲಿ. ಮೈಲುತುತ್ತು ಸೂಕ್ಷ್ಮ ಜೀವಿಗಳನ್ನು ಕೊಲ್ಲುವಂಥದು. ಅದಕ್ಕೂ 50 ಮತ್ತು 100 ಲೀಟರಿನ ಗುರುತುಗಳು ಅವಶ್ಯ. ಶೇಕಡಾ ಒಂದರ ಪಾಕವೆಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಪೀಪಾಯಿಯಲ್ಲಿ 130 ಲೀಟರು ಇದ್ದರೆ ಅದು ಶೇಕಡಾ ಒಂದಲ್ಲ. ಯಾವುದಕ್ಕೇ ಆಗಲಿ, ರಾಸಾಯನಿಕ ಅಥವಾ ವಿಷದ ಔಷಧಿ ತುಂಬಿ ಬಂದ ಹಳೆಯ ಪೀಪಾಯಿಗಳನ್ನು ಕೊಳ್ಳಬೇಡಿ.

ನಮ್ಮ ಹಿರಿಯರು ಮುಡಿ, ಕಳಸಿಗೆ, ಸೇರುಗಳಲ್ಲಿ ಅಳೆಯುತ್ತಿದ್ದರು. 1956ರ ಕಾನೂನಿನ ಬಳಿಕ ಲೀಟರು, ಕಿಲೋಗಳು ಬಂದವು. ಅಳತೆ ಬದಲಾಯಿತೇ ಹೊರತು, ಅಳೆದು ಹಾಕಬೇಕೆಂಬ ಬುದ್ಧಿ ಹಳೆಯದೇ. ಕೃಷಿಭವನದ ಕಾಗದ ಮಲೆಯಾಳದಲ್ಲಿರಬಹುದು, ಮನೆಯ ಮಾತು ಕನ್ನಡವೋ ತುಳುವೋ ಆಗಿರಬಹುದು, ಕೆಲಸಕ್ಕೆ ಬಂದವನು ಅಸ್ಸಾಮಿನವನಿರಬಹುದು. ಕೋಲಿನ ಕಚ್ಚನ್ನು ಎಲ್ಲರೂ ಓದಬಲ್ಲರು. ಈಗ ನಾವು ಹುಡುಗನಿಗೆ ‘ಒಂದು ಬಾಲ್ದಿ’ ಎಂದು ಹೇಳುವುದಿಲ್ಲ, ‘ಕೆಂಪು ಕೋಲಿನ ಮೂರನೆಯ ಕಚ್ಚು’ ಎನ್ನುತ್ತೇವೆ. ಆ ಮೇಲೆ ಒಂದು ಸಸಿಯ ಎಲೆಯೂ ಸುಟ್ಟಿಲ್ಲ.

ಉಳಿದ 38 ಸಸಿಗಳನ್ನು ತೋಟದ ಕೆಳಗಿನ ಸಾಲಿನಲ್ಲಿ ನೆಟ್ಟಿದ್ದೇವೆ. ಸಾಲಿನ ಬಾಕಿ ಗುಂಡಿಗಳಲ್ಲಿ ಬೇರೆ ತಳಿಯವು ಬೆಳೆಯುತ್ತಿವೆ. ಅಳೆಯುವ ಕೆಲಸಕ್ಕೆ ಬೇಕಾದುದು ಒಂದು ಭಾನುವಾರದ ಬೆಳಗ್ಗೆ, ಒಂದು ತಕ್ಕಡಿ, ಒಂದು ಸಲಾಕೆ. ಬರುವ ಭಾನುವಾರವೇ ಆಗಲಿ, ಮಕ್ಕಳನ್ನೂ ಜೊತೆಗೆ ಸೇರಿಸಿಕೊಳ್ಳಿ ಎಂದು ರೈತ ಬಾಂಧವರಲ್ಲಿ ನಮ್ಮ ಅರಿಕೆ.