ನಂದಿ ತಪ್ಪಲಿನ ಕೆಂಪು ವೈನ್

ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಕಡೆ ಹೊರಟರೆ ರಘುನಾಥಪುರದ ಬಳಿ ಕೆಂಪು ನೆಲದಲ್ಲಿ ತಂತಿಗೆ ಹಬ್ಬಿಸಿದ ದ್ರಾಕ್ಷಿ ಸಾಲುಗಳು. ಬೀದರ್ ಜಿಲ್ಲೆಯ ಔರಾದ್, ಭಾಲ್ಕಿಯ ಎರೆ ನೆಲ ನೋಡಿ ಬೆಳೆದವರಿಗೆ ಈ ಮಣ್ಣು ಬೇರೆಯೇ; ಬೀದರ್ ನಗರದವರಿಗೆ ಮಾತ್ರ ಕೆಂಪು ನೆಲ ಹೊಸದಲ್ಲ. ಗೊಂಚಲು ಕೈಗೆತ್ತಿಕೊಂಡರೆ ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಕೆಂಪು ವೈನಿಗೆ ಆ ಸಿಪ್ಪೆಯೇ ಬಂಡವಾಳ. ಹಿಂಡಿದ ರಸಕ್ಕೆ ಬಣ್ಣವಿರುವುದಿಲ್ಲ. ಸಿಪ್ಪೆ, ಬೀಜಗಳ ಜೊತೆ ದಿನಗಟ್ಟಲೆ ಹುದುಗಿದ ಮೇಲೆಯೇ ಬಣ್ಣವೂ ಒಗರೂ ಇಳಿಯುತ್ತವೆ.

ಉದ್ಯಮಿ ಕನ್ವಲ್ ಗ್ರೋವರ್ 1980ರ ದಶಕದಲ್ಲಿ ಫ್ರೆಂಚ್ ತಜ್ಞ ಜಾರ್ಜ್ ವೆಸೆಲ್ ನೆರವಿನಿಂದ ಇಲ್ಲಿ ಫ್ರೆಂಚ್ ತಳಿಗಳನ್ನು ನೆಡಿಸಿದರು. 1992ರಲ್ಲಿ ಮೊದಲ ವೈನ್ ಬಂತು. ಇಲ್ಲಿನ ‘ಲಾ ರಿಸರ್ವ್’ ಕ್ಯಾಬರ್ನೆ ಸೊವಿನ್ಯೋ ಮತ್ತು ಶಿರಾಜ್ ಬೆರೆಸಿ, ಓಕ್ ಪೀಪಾಯಿಯಲ್ಲಿ ಮಾಗಿಸಿದ ವೈನ್.

ಸ್ಪೇನಿನ ವೈನ್ ಸೀಮೆ ರಿಯೋಹಾದಲ್ಲಿ ಟೆಂಪ್ರನಿಯೊ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಕೊಯ್ಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನಂದಿ ತಪ್ಪಲಿನ ಬಳ್ಳಿಗೆ ಆ ನಿದ್ದೆಯೇ ಇಲ್ಲ. ಹಾಗಾಗಿ ರೈತನೇ ಋತು ಗೊತ್ತುಮಾಡಬೇಕು. ಏಪ್ರಿಲ್ ಹೊತ್ತಿಗೆ ಒಂದು ಚಾಟ್ನಿ: ಹಳೆ ಕಡ್ಡಿ ಕತ್ತರಿಸಿದರೆ ಹೊಸ ಕಡ್ಡಿ ಬಂದು ಬಲಿಯುತ್ತದೆ, ಮುಂದಿನ ಹಣ್ಣಿನ ಮೊಗ್ಗು ಅದರಲ್ಲೇ ಕೂರುತ್ತದೆ. ಮಳೆ ಹಿಂದೆಗೆಯುವಾಗ ಎರಡನೇ ಚಾಟ್ನಿ, ಅದು ಫಲಕ್ಕೆ. ಬಿಸಿಲ ಹಗಲು, ತಂಪು ರಾತ್ರಿಯಲ್ಲಿ ಹಣ್ಣು ಮಾಗಿ ಫೆಬ್ರುವರಿ, ಮಾರ್ಚಿಗೆ ಕೊಯ್ಲು. ಕತ್ತರಿ ಹಿಡಿದ ಕೂಲಿಯಾಳುಗಳ ಈ ಕೈಚಳಕ ಬಾಟಲಿಯ ಮೇಲೆ ಎಲ್ಲೂ ಅಚ್ಚಾಗುವುದಿಲ್ಲ. ಅಚ್ಚಾಗಬೇಕಿತ್ತು ಎಂದೇ ನನಗನಿಸುತ್ತದೆ.

ಇದೇ ಸೀಮೆಯ ಹಳೆಯ ತಳಿ ಬೆಂಗಳೂರು ನೀಲಿ. ಗಾಢ ಪರಿಮಳ, ಚಿವುಟಿದರೆ ತಿರುಳು ಜಾರಿ ಸಿಪ್ಪೆ ಕೈಯಲ್ಲುಳಿಯುತ್ತದೆ. ಜ್ಯೂಸ್, ಜಾಮ್, ಸಿಹಿ ವೈನಿಗೆ ಅದು ಹೆಸರುವಾಸಿ; ಹುಟ್ಟಿದ ಊರಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಿಕೆಯೂ (ಜಿಐ) ಸಿಕ್ಕಿದೆ.

ರಿಯೋಹಾ 1925ರಲ್ಲೇ ತನ್ನ ಹೆಸರಿಗೆ ಕಾಯಿದೆಯ ರಕ್ಷಣೆ ಪಡೆಯಿತು. ‘ಕ್ರಿಯಾನ್ಸಾ’ ಎಂದು ಬರೆದ ಕೆಂಪು ವೈನ್ ಎರಡು ವರ್ಷ ಮಾಗಿರಬೇಕು, ಅದರಲ್ಲಿ ಒಂದು ವರ್ಷವಾದರೂ ಓಕ್ ಪೀಪಾಯಿಯಲ್ಲಿ. ಹೆಸರಿಗೂ ಹುಟ್ಟಿದ ನೆಲಕ್ಕೂ ಇರುವ ಈ ನಂಟನ್ನು ಬೀದರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿದ ನೀರಿನಲ್ಲಿ ಅದ್ದಿದಾಗಲೇ ಬಿದರಿ ಹೂಜಿ ಕಪ್ಪಾಗಿ ಬೆಳ್ಳಿ ಎದ್ದು ಕಾಣುವುದು. ಬಿದರಿಗೂ ಭೌಗೋಳಿಕ ಸೂಚಿಕೆ ಇದೆ. ನೆರೆಯ ಮಹಾರಾಷ್ಟ್ರದ ನಾಸಿಕ್ ಕಣಿವೆಯ ವೈನ್ ಕೂಡ ಅದನ್ನು ಪಡೆದಿದೆ. ಕರ್ನಾಟಕದ ವೈನ್ ನೀತಿ ಬಂದಿದ್ದು 2007ರಲ್ಲಿ. ‘ನಂದಿ’ ಎಂದು ಚೀಟಿ ಅಂಟಿಸಿದ ಬಾಟಲಿಯಲ್ಲಿ ಎಷ್ಟು ಪಾಲು ಇಲ್ಲಿನ ಹಣ್ಣಿರಬೇಕು, ಎಷ್ಟು ಕಾಲ ಮಾಗಿರಬೇಕು ಎಂಬುದನ್ನು ಸರ್ಕಾರ ಇನ್ನು ಬೆಳೆಗಾರರನ್ನು ಕೂರಿಸಿಕೊಂಡೇ ಗೊತ್ತುಮಾಡಲಿ.