ಬೆಸುಗೆ ಕಲಿಯುವವರಿಗೆ ಗ್ಯಾಸ್ ಟಾರ್ಚೇ ಮೊದಲ ಪಾಠ

ಮುಂಡರಗಿ ಭಾಗದ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತಲು ಹದ ಸಿಗುವುದು ಕೆಲವೇ ದಿನ. ಅಂಥ ಹೊತ್ತಿನಲ್ಲಿ ಕೂರಿಗೆ ಮುರಿದು, ಪೇಟೆಯಲ್ಲಿ ಸರದಿ ಕಾಯುತ್ತ ಕುಳಿತರೆ ಹೊಲದ ಹಸಿ ಆರಿಹೋಗುತ್ತದೆ. ಮನೆಯಲ್ಲೊಬ್ಬರು ಬೆಸುಗೆ ಬಲ್ಲವರಾದರೆ ಒಕ್ಕಲುತನಕ್ಕೆ ದೊಡ್ಡ ಆಸರೆ.

ಈಗ ಕರೆಂಟಿನ ಬೆಸುಗೆಯೇ ಹೆಚ್ಚು. ದಪ್ಪ ಕಬ್ಬಿಣಕ್ಕೆ ಅದು ಬೇಗನೆಯೂ ಹೌದು. ಆದರೂ ಕಲಿಕೆಯನ್ನು ಗ್ಯಾಸಿನಿಂದ ಆರಂಭಿಸುವುದು ಲೇಸು. ಕರೆಂಟಿನಲ್ಲಿ ಕಾವು, ಕಡ್ಡಿ ಎರಡೂ ಒಟ್ಟಿಗೇ ಬರುತ್ತವೆ. ಮೇಲೆ ಕಿಟ್ಟ ಮುಚ್ಚುತ್ತದೆ. ಕರಗಿದ ಕಬ್ಬಿಣ ಯಾವುದೆಂದು ಹೊಸಬರಿಗೆ ತಿಳಿಯದು. ಗ್ಯಾಸಿನಲ್ಲಿ ಒಂದು ಕೈಗೆ ಜ್ವಾಲೆ, ಇನ್ನೊಂದು ಕೈಗೆ ತಂತಿ. ಕೆಲಸ ನಿಧಾನವಾದ್ದರಿಂದ ಕಬ್ಬಿಣ ಕರಗಿ ಸಣ್ಣ ಹೊಂಡವಾಗುವುದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಜ್ವಾಲೆಯ ಪರೀಕ್ಷೆ

ಆಕ್ಸಿಜನ್, ಅಸಿಟಿಲಿನ್ ಸಮನಾಗಿದ್ದರೆ ಒಳಗಿನ ಮೊನೆ ಸ್ಪಷ್ಟವಾಗಿ, ತುದಿ ದುಂಡಗಿರುತ್ತದೆ. ಉಕ್ಕಿಗೆ ಇದೇ ತಕ್ಕುದು. ಇದರ ಕಾವು ಸುಮಾರು 3,100 ಡಿಗ್ರಿ ಸೆಲ್ಸಿಯಸ್. ಅಸಿಟಿಲಿನ್ ಹೆಚ್ಚಾದರೆ ಮೊನೆಯ ಸುತ್ತ ಬಿಳಿ ಗರಿ ಮೂಡುತ್ತದೆ. ಉಕ್ಕಿಗೆ ಇಂಗಾಲ ಸೇರಿ ಬೆಸುಗೆ ಪೆಡಸಾಗುತ್ತದೆ. ಆಕ್ಸಿಜನ್ ಹೆಚ್ಚಾದರೆ ಮೊನೆ ಚೂಪಾಗಿ ಬುಸುಗುಟ್ಟುತ್ತದೆ. ಉಕ್ಕು ಸುಟ್ಟು ಕಿಡಿ ಹಾರುತ್ತದೆ.

ಅಭ್ಯಾಸದ ಕ್ರಮ

2 ಮಿ.ಮೀ. ದಪ್ಪದ ಮೆದು ಉಕ್ಕಿನ ತಗಡು ತೆಗೆದುಕೊಳ್ಳಿ. ಮೊದಲು ತಂತಿ ಬೇಡ. ಮೊನೆಯನ್ನು ತಗಡಿನಿಂದ ಸುಮಾರು 3 ಮಿ.ಮೀ. ಮೇಲಿಟ್ಟು, ಹೊಂಡವನ್ನು ಬಲದಿಂದ ಎಡಕ್ಕೆ ಒಂದೇ ಅಗಲದಲ್ಲಿ ನಡೆಸಿರಿ. ತಡಮಾಡಿದರೆ ತೂತು ಬೀಳುತ್ತದೆ. ಅವಸರ ಮಾಡಿದರೆ ಕರಗದು. ಕೈ ಪಳಗಿದ ಮೇಲೆ ತಂತಿಯ ತುದಿಯನ್ನು ಹೊಂಡದೊಳಗೆ ಅದ್ದಿರಿ. ತಂತಿಯನ್ನು ಮೇಲಿಂದ ಕರಗಿಸಿ ತೊಟ್ಟಿಕ್ಕಿಸಿದರೆ ಅದು ಅಂಟಿದಂತೆ ಕಂಡರೂ ಕೂಡಿರುವುದಿಲ್ಲ. ಕೂಡಿಸಿದ ತುಂಡನ್ನು ಹಿಡಿತದಲ್ಲಿಟ್ಟು ಬಗ್ಗಿಸಿ ನೋಡಿರಿ. ತಳ ಬಾಯಿಬಿಟ್ಟರೆ ಕಾವು ಒಳಗಿಳಿದಿಲ್ಲವೆಂದು ತಿಳಿಯಿರಿ. ಕುಂಟೆಯ ಕುಡದಂಥ ಗಡಸು ಉಕ್ಕನ್ನು ಆರಂಭದಲ್ಲಿ ಮುಟ್ಟಬೇಡಿ. ಅದನ್ನು ಮುಂಚೆ ಕಾಯಿಸಿ, ಬೆಸೆದ ಮೇಲೆ ನಿಧಾನವಾಗಿ ಆರಿಸಬೇಕಾಗುತ್ತದೆ.

ಎಚ್ಚರಿಕೆ

ಬಲ್ಲವರ ಎದುರಿನಲ್ಲಿಯೇ ಕಲಿಯಿರಿ. ಬಣ್ಣದ ಕನ್ನಡಕ ತಪ್ಪದೆ ಧರಿಸಿರಿ. ಅಸಿಟಿಲಿನ್ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಒತ್ತಡ ಚದರ ಸೆಂ.ಮೀ.ಗೆ 1 ಕಿಲೊ ಮೀರದಂತೆ ನೋಡಿಕೊಳ್ಳಿ. ಆಕ್ಸಿಜನ್ ಜೋಡಣೆಗೆ ಎಣ್ಣೆ, ಗ್ರೀಸು ಸೋಕಬಾರದು. ಬರಿದಾದ ಡೀಸೆಲ್ ಡಬ್ಬಿಗೂ ಜ್ವಾಲೆ ಹಿಡಿಯಬೇಡಿ. ಒಳಗುಳಿದ ಆವಿ ಸಿಡಿಯುತ್ತದೆ. ಬಣವೆಯಿಂದ ದೂರವಿರಿ.

ಇಷ್ಟು ಪಳಗಿದವರಿಗೆ ಕರೆಂಟಿನ ಬೆಸುಗೆ ಹೊಸತೆನಿಸದು. ಒಂದು ಕೈಗೆ ಟಾರ್ಚ್, ಇನ್ನೊಂದಕ್ಕೆ ತಂತಿ ಹಿಡಿಯುವ ಟಿಗ್ ಬೆಸುಗೆಯಂತೂ ಇದರ ತಮ್ಮನೇ. ಮುಂದೆ ಓದಬಯಸುವವರಿಗೆ ಐ.ಟಿ.ಐ.ಗಳಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿ ಇದೆ. ಕುಲುಮೆಯ ಮುಂದೆ ಕಂಬಾರ ಕಬ್ಬಿಣದ ಬಣ್ಣ ನೋಡಿಯೇ ಪೆಟ್ಟು ಹಾಕುತ್ತಾನೆ. ಬೆಸುಗೆಗೂ ಮೊದಲು ಪಳಗಬೇಕಾದುದು ಕಣ್ಣು.